ಬಳಚಿನ ಬುಟ್ಟಿಯ ಹುಲ್ಲು

ಇಂದುಮತಿಯ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಅದು ಶುದ್ಧ ಸುಳ್ಳು. ಸಿಟ್ಟಿದೆ, ಬೇಕಾದಷ್ಟಿದೆ. ಅವಳು ಕಟ್ಟಿದ ಯಂತ್ರವನ್ನು ಮಾತ್ರ ಇವತ್ತಿಗೂ ಹೊಗಳುತ್ತೇನೆ, ಯಾಕೆಂದರೆ ಅದು ಯಾರಿಗೂ ಮೋಸ ಮಾಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನೆ ಕೂತಿತು.

ನೋಡಲು ಅಡುಗೆಮನೆಯ ಮಿಕ್ಸರ್‌ಗಿಂತ ದೊಡ್ಡದೇನಲ್ಲ. ಒಂದು ಎಲೆ ಹಾಕಿದರೆ ಅರೆದು, ಆ ಗಿಡದ ವಂಶ ಯಾವ ನೀರಿನಲ್ಲಿ ಹುಟ್ಟಿದ್ದು, ಅಲ್ಲಿಂದ ಹೊರಟು ಸುಮಾರು ಎಷ್ಟು ವರ್ಷವಾಯಿತು ಎಂದು ಹೇಳುತ್ತಿತ್ತು. ಇದರಲ್ಲಿ ಮಂತ್ರ ಮಾಟ ಏನೂ ಇಲ್ಲ. ಎಲೆಗೆ ಹಸಿರು ಬಣ್ಣ ಕೊಡುವ ಕಣಗಳು ತಾಯಿ ಗಿಡದಿಂದ ಮಾತ್ರ ಬರುತ್ತವೆ, ತಂದೆಯದು ಅದರಲ್ಲಿ ಎಳ್ಳಷ್ಟೂ ಇರುವುದಿಲ್ಲ. ಆ ಕಣಗಳ ಒಳಗಿನ ಬರಹ ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ತಪ್ಪು ಸೇರಿಕೊಳ್ಳುತ್ತದೆ. ತಪ್ಪುಗಳನ್ನು ಎಣಿಸಿದರೆ ವರ್ಷ ಗೊತ್ತಾಗುತ್ತದೆ, ಉಳಿದದ್ದನ್ನು ಬೇರೆ ಬೇರೆ ನೀರಿನ ಗಿಡಗಳ ಜೊತೆ ಹೋಲಿಸಿದರೆ ಊರು ಗೊತ್ತಾಗುತ್ತದೆ. ಇಂದುಮತಿ, ನನ್ನ ಬಾಯಲ್ಲಿ ಇಂದು, ಅದಕ್ಕೆ ಮೊಳದುದ್ದದ ಇಂಗ್ಲಿಷ್ ಹೆಸರಿಟ್ಟಿದ್ದಳು. ನಾನು ‘ಮೂಲಗನ್ನಡಿ’ ಎಂದು ಕರೆದೆ. ನಾವಿಬ್ಬರೂ ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಅದೇ ಉಳಿಯಿತು.

ನಾನು ಮಂಗಲಾ ಹರಿಕಂತ್ರ. ಹುಟ್ಟಿದ್ದು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ. ಓದಿದ್ದು ನೀರಿನ ಗಿಡಗಳ ವಿಜ್ಞಾನ. ಮದುವೆಯಾಗಿ ಬಂದು ಬಿದ್ದದ್ದು ಸಿಂಧನೂರು ಸೀಮೆಯ ಸಿರಿಕೊಪ್ಪ ಕ್ಯಾಂಪಿಗೆ, ಎಂದರೆ ಕಾಲುವೆ ಬಂದ ಮೇಲೆ ಹುಟ್ಟಿದ ಊರಿಗೆ. ಗಂಡ ಹನುಮೇಶ ತುಂಗಭದ್ರೆಯ ಅಂಬಿಗರ ಮನೆಯವನು, ಇಲ್ಲಿ ಮೀನು ಸಾಕುತ್ತಾನೆ. ಬತ್ತ ಬಿಟ್ಟು ಮೀನು ಯಾಕೆ ಎಂದರೆ, ನಮ್ಮ ಕಡೆ ಬತ್ತ ಬೆಳೆಯುವ ನೆಲ ಉಳಿದಿರಲಿಲ್ಲ. ಕಾಲುವೆಯ ಕೊನೆಯ ಊರುಗಳಲ್ಲಿ ನೀರು ಬಸಿದು ಬಸಿದು ನೆಲ ಜವಳಾಗಿ, ಅಡಿಯ ಉಪ್ಪು ಮೇಲೆ ಬಂದು ಸವಳಾಗಿತ್ತು. ಬೇಸಿಗೆಯಲ್ಲಿ ಹೊಲಗಳೆಲ್ಲ ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತಿದ್ದವು. ಬೋರು ಕೊರೆದರೂ ಉಪ್ಪು ನೀರೇ. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರಬೇಕು, ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ನಮ್ಮ ಹಿತ್ತಿಲ ಗೋಡೆಗೆ ತಾಗಿ ಕ್ಯಾಂಪಿನ ಹೊಂಡವಿದೆ. ಬಸಿನೀರು ನಿಂತು ಆದದ್ದು. ಅದರ ನೀರು ಬಾಯಿಗೆ ಹಾಕಿದರೆ ತುಟಿ ಸುಡುತ್ತಿತ್ತು. ಪಕ್ಕದ ಮನೆಯ ದುರಗಮ್ಮನ ಎಮ್ಮೆ ಕೂಡ ಮೂಸಿ, ಮುಸುಡಿ ತಿರುಗಿಸಿಕೊಂಡು ಹೋಗುತ್ತಿತ್ತು. ಒಂದು ವರ್ಷ ಚಳಿಗಾಲದಲ್ಲಿ ನಾನು ಬಟ್ಟೆ ಒಣಹಾಕುತ್ತಾ ನೋಡುತ್ತೇನೆ, ಅದೇ ಎಮ್ಮೆ ಹೊಂಡಕ್ಕಿಳಿದು ಗಟಗಟ ಕುಡಿಯುತ್ತಿದೆ! ಕೈಯಲ್ಲಿದ್ದ ಸೀರೆ ಹಾಗೇ ಬಿಟ್ಟು ಇಳಿದೆ. ನೀರಿನೊಳಗೆ ನೂಲಿನಂಥ ಹುಲ್ಲು ಬೆಳೆದಿತ್ತು. ಕೆಲವು ಎಸಳುಗಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚೀಲ. ಒಂದನ್ನು ಹಲ್ಲಿನಲ್ಲಿ ಕಚ್ಚಿದೆ. ಅಬ್ಬಾ, ಉಪ್ಪೇ ಉಪ್ಪು! ಸುತ್ತಲಿನ ನೀರು ಮಾತ್ರ ಸಪ್ಪೆ.

ಅದು ನೂಲುಹುಲ್ಲು. ಕರಾವಳಿಯ ಹೊಳೆಬಾಯಿಗಳಲ್ಲಿ, ಉಪ್ಪು ಸಿಹಿ ಬೆರೆಯುವ ನೀರಿನಲ್ಲಿ ಅಪರೂಪಕ್ಕೆ ಸಿಗುವ ಗಿಡ. ಸಮುದ್ರದಿಂದ ಇಷ್ಟು ದೂರದ ಬಯಲಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ಕರಾವಳಿಯ ನೂಲುಹುಲ್ಲಿಗೆ ಉಪ್ಪು ಹೀರುವ ಈ ಚೀಲವೂ ಇಲ್ಲ. ನಮ್ಮ ಹೊಂಡದ್ದು ಯಾವುದೋ ಹೊಸ ವಿದ್ಯೆ ಕಲಿತುಬಿಟ್ಟಿತ್ತು.

ಮರುದಿನವೇ ಲ್ಯಾಬಿಗೆ ಒಯ್ದೆ. ಇಂದುಮತಿ ಎಸಳನ್ನು ಮೂಲಗನ್ನಡಿಗೆ ಹಾಕಿದಳು. ಅದು ಗುರ್ ಎಂದು ಅರೆದು, ಪರದೆಯ ನಕಾಶೆಯಲ್ಲಿ ಒಂದು ಕೆಂಪು ಚುಕ್ಕೆ ತೋರಿಸಿತು. ಚುಕ್ಕೆ ಕೂತದ್ದು ಅಘನಾಶಿನಿಯ ಬಾಯಿಯಲ್ಲಿ, ನನ್ನ ತವರಿನ ಅಂಗಳದಿಂದ ಕಲ್ಲೆಸೆದರೆ ಬೀಳುವ ಜಾಗದಲ್ಲಿ. ಹೊರಟು ಸುಮಾರು ಇಪ್ಪತ್ತು ವರ್ಷ.

“ನಿನ್ನ ತವರುಮನಿಂದನs ಬಂದೈತಲ್ಲಬೇ ಮಂಗಲಾ!” ಎಂದು ಇಂದು ನನ್ನ ಬೆನ್ನಿಗೆ ಒಂದು ಕೊಟ್ಟಳು. ಅವಳು ಧಾರವಾಡದವಳು, ಖುಷಿಯಾದರೆ ಕೈ ಸುಮ್ಮನಿರುವುದಿಲ್ಲ. “ಹ್ಯಾಂಗ ಬಂತಂತ?”

“ಹಕ್ಕಿಗಳ ಕಾಲಿಗೆ ಅಂಟಿಕೊಂಡು ಬಂದಿರಬೇಕು. ಕರಾವಳಿಯ ಬಾತುಗಳು ಚಳಿಗಾಲಕ್ಕೆ ಇಲ್ಲಿ ಇಳಿಯುತ್ತವಲ್ಲ,” ಎಂದೆ.

ಅವಳೂ ಹೌದೆಂದಳು. ಎಲ್ಲಿಂದ, ಯಾವಾಗ ಎಂಬುದನ್ನು ಯಂತ್ರ ಹೇಳುತ್ತದೆ, ಹೇಗೆ ಎಂಬುದನ್ನು ಹೇಳುವುದಿಲ್ಲ. ಆ ‘ಹೇಗೆ’ಯ ಮೇಲೆಯೇ ಎಲ್ಲ ನಿಂತಿತ್ತು, ಯಾಕೆಂದರೆ ಆಗಷ್ಟೇ ಸ್ವನೆಲೆ ಕಾಯಿದೆ ಬಂದಿತ್ತು. ಒಂದು ಗಿಡ ಗಾಳಿ, ನೀರು, ಹಕ್ಕಿಗಳ ಮೂಲಕ ತಾನಾಗಿ ಒಂದು ಊರಿಗೆ ಬಂದು ನೆಲೆ ನಿಂತರೆ ಅದು ಆ ಊರವರ ಸೊತ್ತು, ಯಾವ ಕಂಪನಿಯೂ ಮುಟ್ಟುವಂತಿಲ್ಲ. ಮನುಷ್ಯರ ಕೈಯಿಂದ ಬಂದಿದ್ದರೆ ಊರಿಗೆ ಹಕ್ಕಿಲ್ಲ, ಅದರ ಗುಣವನ್ನು ಮೊದಲು ನೋಂದಾಯಿಸಿದವರೇ ಯಜಮಾನರು.

ನಮ್ಮ ಹೊಂಡದ ಹುಲ್ಲು ತಾನಾಗಿ ಬಂದದ್ದೆಂದು ನಾವಿಬ್ಬರೂ ಬರೆದು ಕಳಿಸಿದೆವು. ಆ ಕಾಯಿದೆಯ ಪ್ರಾಧಿಕಾರದವರು ಹೊಂಡವನ್ನು ಸದ್ಯಕ್ಕೆ ಕ್ಯಾಂಪಿನ ಕೈಗೆ ಕೊಟ್ಟರು, ಕೊನೆಯ ತೀರ್ಮಾನ ವಿಚಾರಣೆಯ ನಂತರ ಎಂದರು.

ಆಮೇಲಿನ ಎರಡು ವರ್ಷ ಸಿರಿಕೊಪ್ಪ ಕ್ಯಾಂಪು ಬೇರೆಯೇ ಊರಾಯಿತು. ಕಾಲುವೆಗೆ ನೀರು ಬಿಟ್ಟ ಕೂಡಲೇ ಕೆಸರಿನೊಳಗಿನ ಬೀಜ ಮೊಳೆಯುತ್ತಿತ್ತು, ಬೇಸಿಗೆಗೆ ಮತ್ತೆ ಬೀಜ ಬಿಟ್ಟು ಹುಲ್ಲು ಸಾಯುತ್ತಿತ್ತು. ನಡುವಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಹೆಂಗಸರು ಕುಡುಗೋಲು ಹಿಡಿದು ಮೊಣಕಾಲುದ್ದದ ನೀರಿಗಿಳಿದು ಹುಲ್ಲಿನ ತುದಿಗಳನ್ನು ಕತ್ತರಿಸಿ ಹೊರಗೆ ಹಾಕಬೇಕು. ತುದಿಯ ಜೊತೆ ಉಪ್ಪೂ ಹೊರಗೆ ಹೋಗುತ್ತದೆ, ಹುಲ್ಲು ಮತ್ತೆ ತುದಿ ಬಿಟ್ಟು ಮತ್ತೆ ಉಪ್ಪು ಹೀರುತ್ತದೆ. ಇದಕ್ಕೆ ಅವರು ಇಟ್ಟ ಹೆಸರು ಹೊಂಡದ ಚೌರ. ಮಂಗಳವಾರ ಮಾಡೋಣವೆಂದು ನಾನು ಹೇಳಿದರೆ ಹನುಮೇಶ, “ಮಂಗಳವಾರ ಚೌರದ ಅಂಗಡೀನs ತೆಗಿಯಂಗಿಲ್ಲ, ಹೊಂಡಕ್ಕ ಹ್ಯಾಂಗ ಮಾಡ್ತೀರಿ?” ಎಂದ. ಹೆಂಗಸರೆಲ್ಲ ನಕ್ಕು ಬುಧವಾರಕ್ಕೆ ಒಪ್ಪಿದರು. ಕತ್ತರಿಸಿದ ತುದಿಗಳನ್ನು ಒಣಗಿಸಿ ದನಗಳಿಗೆ ನೆಕ್ಕಲು ಇಟ್ಟರು. ದುರಗಮ್ಮ ಅದನ್ನು ಕುಟ್ಟಿ ಶೇಂಗಾ ಚಟ್ನಿಗೂ ಹಾಕಿದಳು.

“ನಮ್ಮ ಮೊಮ್ಮಗಳು ಹುಟ್ಟಿದಾಗಿಂದ ಮನಿ ನೀರು ಕುಡದಿದ್ದಿಲ್ಲರೀ ಮೇಡಂ,” ಎಂದಳು ಒಮ್ಮೆ, ಕೊಡ ಸೊಂಟಕ್ಕಿಟ್ಟುಕೊಂಡು. “ಈಗ ಹಿತ್ತಲಾಗಿಂದು ಕುಡಿಯಾಕತ್ಯಾಳ.”

ಇಂದುಮತಿ ಆ ದಿನಗಳಲ್ಲಿ ಪ್ರತಿ ಭಾನುವಾರ ನಮ್ಮ ಮನೆಯಲ್ಲೇ ಇರುತ್ತಿದ್ದಳು. ಅವಳಿಗೆ ಸಿಂಧನೂರಿನಲ್ಲಿ ಒಂದು ಬಾಡಿಗೆ ಕೋಣೆ, ಅಡುಗೆಯ ಗಂಧವಿಲ್ಲ. ಬಂದವಳೇ ಚಪ್ಪಲಿ ಬಿಟ್ಟು ನೇರ ಒಲೆಯ ಹತ್ತಿರ ಹೋಗಿ ಪಾತ್ರೆಯ ಮುಚ್ಚಳ ತೆಗೆದು ಮೂಸುವವಳು. ನನಗೆ ಅಕ್ಕ ತಂಗಿ ಯಾರೂ ಇಲ್ಲ, ಇವಳೇ ತಂಗಿ ಅಂದುಕೊಂಡಿದ್ದೆ. ಅವಳಿಗೆ ಜ್ವರ ಬಂದಾಗ ಗಂಜಿ ಕಾಸಿಕೊಟ್ಟಿದ್ದೇನೆ, ಲ್ಯಾಬಿನಲ್ಲಿ ಯಂತ್ರ ಕೆಟ್ಟು ಅಳುತ್ತಾ ಕೂತಾಗ ತಲೆ ಸವರಿದ್ದೇನೆ. ಈಗ ನೆನೆಸಿಕೊಂಡರೆ ನನ್ನ ಕೈಯ ಮೇಲೇ ನನಗೆ ಸಿಟ್ಟು ಬರುತ್ತದೆ.

ಅವ್ವಿಯ ವಿಷಯ ಹೇಳಬೇಕು. ನನ್ನ ತಾಯಿ ಸೋಮಿ. ನನ್ನ ಮದುವೆಯಾದ ವರ್ಷದಿಂದ ಪ್ರತಿ ಚಳಿಗಾಲ, ನಾನು ಬೇಡ ಬೇಡವೆಂದರೂ, ಕುಮಟೆಯಿಂದ ಬಸ್ಸು ಬದಲಿಸಿ ಬದಲಿಸಿ ಬಳಚಿನ ಬುಟ್ಟಿ ಹೊತ್ತು ಬರುತ್ತಾಳೆ. ಬಳಚು ಎಂದರೆ ಹೊಳೆಯ ಮರಳಲ್ಲಿ ಸಿಗುವ ಚಿಪ್ಪುಮೀನು, ಜೀವಂತವಿದ್ದರೇ ರುಚಿ. ಅವಳು ಬಸ್ಸಿಳಿದು ಮನೆ ಮುಟ್ಟುವ ಹೊತ್ತಿಗೆ ನಾನು ಲ್ಯಾಬಿಗೆ ಹೋಗಿರುತ್ತೇನೆ, ಸಂಜೆ ಬಂದರೆ ಬಳಚಿನ ಒಣಪಲ್ಯ, ನಮ್ಮ ಸುಕ್ಕಾ, ಒಲೆಯ ಮೇಲೆ. ನಾನು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ, “ಇದು ನಮ್ಮ ಹೊಳೆಯದೇ. ಬೇರೆ ಹೊಳೆಯ ಬಳಚಾದರೆ ಒಂದು ತುತ್ತಿಗೆ ಗೊತ್ತಾಗುತ್ತೆ,” ಎಂದು ಜಂಬ ಕೊಚ್ಚುತ್ತಿದ್ದೆ. ಅವ್ವಿ, “ಮತ್ತೆಂತ? ನಮ್ಮ ಹೊಳೆಯದೇಯಾ, ನಿನ್ನಾಣೆ,” ಎನ್ನುವಳು.

ಅವ್ವಿಯ ಬಾಯಿ ಸುಮ್ಮನಿರುವುದಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಮನೆಯ ಕತೆಯೆಲ್ಲ ಹೇಳಿ ಮುಗಿಸಿರುತ್ತಾಳೆ.

ಹುಲ್ಲು ಸಿಕ್ಕಿದ ಎರಡನೆಯ ವರ್ಷ ಅವ್ವಿ ಬಂದಾಗ ಭಾನುವಾರವಿತ್ತು, ಇಂದುವೂ ಇದ್ದಳು. ಅದೇ ಮೊದಲ ಸಲ ಬುಟ್ಟಿ ಬಿಚ್ಚುವಾಗ ನಾನು ಮನೆಯಲ್ಲಿದ್ದದ್ದು. ಅವ್ವಿ ಗೋಣಿತಾಟು ತೆಗೆದಳು. ಕೆಳಗೆ ಒದ್ದೆ ಹುಲ್ಲಿನ ಮೆತ್ತೆ, ಅದರೊಳಗೆ ಬಳಚು. ಹುಲ್ಲು ಕಪ್ಪಗೆ ಬಾಡಿತ್ತು. ಆದರೂ ನಾನು ಗುರುತು ಹಿಡಿದೆ, ಅದು ನೂಲುಹುಲ್ಲು. ಅವ್ವಿ ಬಳಚನ್ನೆಲ್ಲ ಪಾತ್ರೆಗೆ ಸುರಿದು, ಆ ಹುಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಹಿತ್ತಿಲ ಬಾಗಿಲ ಕಡೆ ಹೊರಟಳು.

“ಅವ್ವಿ, ಎಲ್ಲಿಗೆ?”

“ಹೊಂಡಕ್ಕೆ ಬಿಟ್ಕಂಡು ಬತ್ತೆ. ಹೊಳೆಯದ್ದು ಹೊಳೆಗೇ ಬಿಡೂದು ಅಲ್ದಾ? ಕಾಲಲ್ಲಿ ತುಳಿಯೂಕಾಗ. ಇಲ್ಲಿ ಹೊಳೆ ಎಲ್ಲುಂಟು, ಹೊಂಡಕ್ಕೇ ಬಿಡ್ತೆ. ಪ್ರತಿ ವರ್ಷ ಬಿಡ್ತಿದ್ನಲ್ಲೇ.”

ಎಲ್ಲಿಯ ಬಾತು, ಎಲ್ಲಿಯ ಹಕ್ಕಿ! ಯಂತ್ರ ತೋರಿಸಿದ ಇಪ್ಪತ್ತು ವರ್ಷ ಎಂದರೆ ನನ್ನ ಮದುವೆಯಾದ ವರ್ಷ. ಬೀಜ ಬಂದದ್ದು ನನ್ನ ತಾಯಿಯ ಬುಟ್ಟಿಯಲ್ಲಿ.

ಅವ್ವಿ ಹಿತ್ತಿಲಿಂದಲೇ ಕೂಗಿದಳು, “ಅಯ್ಯಯ್ಯೋ! ಈ ಹೊಂಡದಲ್ಲಿ ಬೆಳದದ್ದು ನಮ್ಮ ಹುಲ್ಲೇ ಅಲ್ದನೇ ಮಗಾ! ನಾನೇ ತಂದದ್ದಾಯ್ತಲ್ಲ!” ಅವಳ ಮುಖದ ತುಂಬ ಹಿಗ್ಗು.

ನಾನು ಇಂದುವಿನ ಮುಖ ನೋಡಿದೆ. ಅವಳು ಎದ್ದು ಹೋಗಿ ಅವ್ವಿಯ ಒದ್ದೆ ಕೈ ಹಿಡಿದುಕೊಂಡಳು. “ಅವ್ವೀ, ನಿಮ್ಮಿಂದ ಒಂದು ಊರಿಗೆ ನೀರಾತು. ಆದರ ಈ ಮಾತು ನಮ್ಮ ಮೂವರಾಗs ಇರಲಿ. ಯಾರ ಮುಂದೂ ಹೇಳಬ್ಯಾಡ್ರಿ, ಊರಾಗಿನ ಮಂದೀಗೆ ತೊಂದ್ರಿ ಆಗತೈತಿ.” ಆಮೇಲೆ ನನ್ನ ಕಡೆ ತಿರುಗಿ, “ನೀನ್ಯಾಕ ಹಿಂಗ ನಿಂತಿ? ಬೇಕಂತ ಯಾರೂ ನೆಟ್ಟಿಲ್ಲ. ಹಕ್ಕಿ ಕಾಲಿಗೆ ಅಂಟಿಕೊಂಡು ಬರೂದಕ್ಕೂ, ಬುಟ್ಟಿಗೆ ಅಂಟಿಕೊಂಡು ಬರೂದಕ್ಕೂ ಏನು ಫರಕ?” ಎಂದಳು.

ನನಗೆ ಅಳುವೇ ಬಂತು. ಅವಳನ್ನು ತಬ್ಬಿಕೊಂಡೆ. ಅವತ್ತು ಅವಳು ಮೊದಲ ಸಲ ಬಳಚು ತಿಂದಳು. ಚಿಪ್ಪಿನಿಂದ ಬಿಡಿಸಲು ಬಾರದೆ ಒದ್ದಾಡಿದಾಗ ಅವ್ವಿ ಒಂದೊಂದೇ ಬಿಡಿಸಿ ಅವಳ ತಟ್ಟೆಗೆ ಹಾಕಿದಳು.

ಅದಾದ ಮೇಲೆ ಅವಳು ಅವ್ವಿಗೆ ಆಗಾಗ ಫೋನ್ ಮಾಡತೊಡಗಿದಳು. “ನಿನ್ನ ಗೆಳತಿ ಎಷ್ಟು ಒಳ್ಳೇಳು, ನೀನಾದ್ರೂ ಇಷ್ಟು ಫೋನ್ ಮಾಡೂದಿಲ್ಲ,” ಎಂದು ಅವ್ವಿ ನನ್ನನ್ನು ಚುಚ್ಚಿದಾಗ ನಾನು ನಕ್ಕಿದ್ದೆ.

ವಿಚಾರಣೆಗೆ ಮೊದಲಿನ ಎರಡು ಭಾನುವಾರ ಇಂದು ಬರಲಿಲ್ಲ. ಲ್ಯಾಬಿನಲ್ಲಿ ಅವಳ ಮೇಜು ಖಾಲಿಯಾಗಿತ್ತು. ರಜೆ ಹಾಕಿದ್ದಾಳೆ, ಧಾರವಾಡದಲ್ಲಿ ತಾಯಿಗೆ ಹುಷಾರಿಲ್ಲ ಎಂದರು. ನಾನು ಪೆದ್ದಿಯ ಹಾಗೆ ಅವಳ ತಾಯಿಗೆಂದು ಒಣಮೀನು ಕಟ್ಟಿಟ್ಟೆ.

ವಿಚಾರಣೆ ನಡೆದದ್ದು ತಾಲ್ಲೂಕಿನ ಸಭಾಂಗಣದಲ್ಲಿ. ಕ್ಯಾಂಪಿನಿಂದ ಎರಡು ಟ್ರ್ಯಾಕ್ಟರ್ ತುಂಬ ಜನ. ಅವ್ವಿಯೂ ಊರಿನಿಂದ ಬಂದಿದ್ದಳು, ಹೊಸ ಸೀರೆ ಉಟ್ಟು ದುರಗಮ್ಮನ ಪಕ್ಕ ಕೂತಿದ್ದಳು. ಎದುರಿನ ಬೆಂಚಿನಲ್ಲಿ ಸಿಹಿಧಾರಾ ಎಂಬ ಕಂಪನಿಯ ಜನ. ಅವರ ನಡುವೆ ಇಂದುಮತಿ. ಕೊರಳಲ್ಲಿ ಕಂಪನಿಯ ನೀಲಿ ಪಟ್ಟಿ, ಪಟ್ಟಿಯ ತುದಿಗೆ ಅವಳ ಫೋಟೋ.

ತಪ್ಪು ಕಡೆ ಕೂತಿದ್ದಾಳೆ ಎಂದೇ ಮೊದಲು ನನಗನ್ನಿಸಿದ್ದು. ಕೈ ಸನ್ನೆಯನ್ನೂ ಮಾಡಿದೆ. ಅವಳು ನೆಲ ನೋಡಿದಳು.

ಅವಳು ಎದ್ದು ನಿಂತು ಯಂತ್ರದ ಓದನ್ನು ವಿವರಿಸಿದಳು. ಎಲ್ಲ ಸರಿಯಾಗಿಯೇ ಹೇಳಿದಳು. ಅಧ್ಯಕ್ಷರು, “ಇದು ಹಕ್ಕಿಗಳಿಂದ ಬಂದಿಲ್ಲ ಅನ್ನೋದಕ್ಕೆ ಏನು ಆಧಾರ?” ಎಂದು ಕೇಳಿದರು. ಇಂದು ಫೋನನ್ನು ಮೈಕಿನ ಹತ್ತಿರ ಹಿಡಿದಳು. ಸಭಾಂಗಣದ ತುಂಬ ನನ್ನ ತಾಯಿಯ ದನಿ ಕೇಳಿತು.

“ನಾನೇಯಾ ತಂದದ್ದು! ಬಳಚಿನ ಬುಟ್ಟಿಗೆ ಹಾಸೂಕೆ ಆ ಹುಲ್ಲೇ ಬೇಕು. ವರ್ಷ ವರ್ಷ ತಂದು ಹೊಂಡಕ್ಕೆ ಬಿಟ್ಟೆ. ಮಂಗಲಂಗೂ ಗೊತ್ತುಂಟು. ನೀನು ಯಾರಿಗೂ ಹೇಳ್ಬೇಡ ಅಂದದ್ದಕ್ಕೆ ಹೇಳ್ಲಿಲ್ಲ. ನಿಂಗಲ್ದೆ ಮತ್ತಾರಿಗೆ ಹೇಳೂದು ಮಗಾ?” ಅದರ ಬೆನ್ನಿಗೆ ಅವ್ವಿಯ ನಗು.

ಅವ್ವಿ ಕೂತಲ್ಲಿಂದಲೇ ಸುತ್ತ ನೋಡಿದಳು. “ಅದು ನನ್ನ ದನಿ ಅಲ್ದನೇ?” ಎಂದು ದುರಗಮ್ಮನನ್ನು ಕೇಳಿದಳು. ದುರಗಮ್ಮ ನಿಧಾನಕ್ಕೆ ಬೆಂಚಿನ ಮೇಲೆ ಸ್ವಲ್ಪ ಆಚೆ ಸರಿದು ಕೂತಳು.

ತೀರ್ಮಾನ ಅಲ್ಲೇ ಆಯಿತು. ಗಿಡ ಮನುಷ್ಯರ ಕೈಯಿಂದ ಬಂದದ್ದು, ಊರಿಗೆ ಹಕ್ಕಿಲ್ಲ. ಉಪ್ಪು ಹೀರುವ ಗುಣವನ್ನು ಕಂಪನಿ ಆಗಲೇ ನೋಂದಾಯಿಸಿಯಾಗಿತ್ತು. ಗೊತ್ತಿದ್ದೂ ಮುಚ್ಚಿಟ್ಟದ್ದಕ್ಕೆ ನನ್ನ ಕೆಲಸವೂ ಹೋಯಿತು. ಅದಕ್ಕೆ ನಾನು ಅಷ್ಟಾಗಿ ಅಳಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಅವಳನ್ನು ತಡೆದು ನಿಲ್ಲಿಸಿದೆ.

“ನಾನೇನು ಸುಳ್ಳು ಹೇಳೀನಿ, ಮಂಗಲಾ? ನೀನೂ ವಿಜ್ಞಾನಿ, ನೀನs ಹೇಳು,” ಎಂದಳು. “ಒಂದು ಕ್ಯಾಂಪಿನ ಹೊಂಡದಾಗ ಇಟ್ಟುಕೊಂಡು ಕುಂತರ ಆತೇನು? ಇಡೀ ಜಿಲ್ಲಾಕ್ಕ ನೀರು ಬೇಕು. ಕಂಪನಿ ಕಡೆ ರೊಕ್ಕ ಐತಿ, ಜಾಗ ಐತಿ. ಐದು ವರ್ಷದಾಗ ಊರೂರಿಗೆ ಮುಟ್ಟಸ್ತೀವಿ.”

“ಹಾಗಿದ್ದರೆ ನನ್ನ ಮನೆಗೆ ಬಂದು, ನನ್ನ ಎದುರು ನಿಂತು ಹೇಳಬೇಕಿತ್ತು. ಜಗಳ ಆಡುತ್ತಿದ್ದೆವು, ನೀನೇ ಗೆಲ್ಲುತ್ತಿದ್ದೆಯೋ ಏನೋ. ನನ್ನ ತಾಯಿಗೆ ‘ಹೇಳಬ್ಯಾಡ್ರಿ’ ಎಂದವಳು ನೀನು. ಮತ್ತೆ ನೀನೇ ಫೋನ್ ಮಾಡಿ ಹೇಳಿಸಿದೆ. ಅವಳು ನಿನಗೆ ಬಳಚು ಬಿಡಿಸಿ ತಿನ್ನಿಸಿದ್ದಳು ಕಣೇ!”

ಕಂಪನಿಯ ಕಾರು ಬಂದು ನಿಂತಿತು, ಇಂದು ಹತ್ತಿ ಹೋದಳು. ಕಟ್ಟಿಟ್ಟಿದ್ದ ಒಣಮೀನು ನನ್ನ ಚೀಲದಲ್ಲೇ ಇತ್ತು. ಅದನ್ನು ಅಲ್ಲೇ ಒಂದು ನಾಯಿಗೆ ಹಾಕಿದೆ.

ಮುಂದಿನ ವಾರ ಕಂಪನಿಯವರು ಬಂದರು. ಎಸಳಿನ ತುದಿಯಲ್ಲಿ ದಪ್ಪ ಚೀಲವಿದ್ದ ಗಿಡಗಳನ್ನು ಮಾತ್ರ ಆರಿಸಿ ಆರಿಸಿ ನೀರು ತುಂಬಿದ ತಟ್ಟೆಗಳಿಗೆ ಹಾಕಿಕೊಂಡರು. ಚೀಲವಿಲ್ಲದ ಹುಲ್ಲನ್ನು ಕಳೆಯೆಂದು ಕಿತ್ತು ಎಸೆದರು. ಆಮೇಲೆ ಒಂದು ಬೀಜವೂ ಉಳಿಯದ ಹಾಗೆ ಜೆಸಿಬಿಯಿಂದ ಕೆಸರನ್ನೂ ಕೆರೆದು ಒಯ್ದರು. ಹೆಂಗಸರು ಕುಡುಗೋಲು ಹಿಡಿದುಕೊಂಡು ದಂಡೆಯಲ್ಲಿ ನಿಂತು ನೋಡಿದರು. ಅವತ್ತು ಬುಧವಾರ.

ಮುಂದಿನ ಹಂಗಾಮಿಗೆ ಕಾಲುವೆ ನೀರು ಬಂತು, ಹೊಂಡ ತುಂಬಿತು, ಹುಲ್ಲು ಬರಲಿಲ್ಲ. ದುರಗಮ್ಮನ ಎಮ್ಮೆ ಮೂಸಿ ಮುಸುಡಿ ತಿರುಗಿಸಿತು. ಟ್ಯಾಂಕರ್ ಮತ್ತೆ ಶುರುವಾಯಿತು, ಈಗ ಅದರ ಮೈಮೇಲೆ ಸಿಹಿಧಾರಾ ಎಂದು ಬರೆದಿತ್ತು. ದುರಗಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಳು. ಒಂದು ದಿನ ಟ್ಯಾಂಕರಿನ ಸಾಲಿನಲ್ಲಿ ನನ್ನ ಮುಂದೆ ನಿಂತವಳು ತಿರುಗದೆಯೇ ಹೇಳಿದಳು, “ಹೊರಗಿನಾಕಿ ಮಾಡಿದ್ದರ ಇಷ್ಟು ಸಂಕಟ ಆಗತಿದ್ದಿಲ್ಲರೀ. ನಿಮ್ಮ ಮನ್ಯಾಗ ಉಣ್ಣಾಕಿ ಅಂತ ನಾವು ನಂಬಿದ್ವಿ.”

ನಾನೂ ಹಾಗೆಯೇ ನಂಬಿದ್ದೆ.

ಅವ್ವಿ ಆ ಚಳಿಗಾಲ ಬರಿಗೈಯಲ್ಲಿ ಬಂದಳು. ಬಸ್ಸಿನಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲವಂತೆ. ಬಂದವಳು ಹಿತ್ತಿಲ ಬಾಗಿಲನ್ನೂ ತೆಗೆಯಲಿಲ್ಲ. “ನಾನು ಬಾಯಿಬಡುಕಿ, ನನ್ನ ಬಾಯಿಂದ ಒಂದು ಊರಿನ ನೀರು ಹೋಯ್ತು,” ಎಂದು ಒಮ್ಮೆ ಅಂದಳು. ಅಲ್ಲ ಅವ್ವಿ, ಅಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಅವ್ವಿಯ ಫೋನು ಬಡಿದುಕೊಂಡಿತು. ಅವಳಿಗೆ ಕಿವಿ ಸ್ವಲ್ಪ ಮಂದ, ಯಾವಾಗಲೂ ದೊಡ್ಡ ದನಿಗೇ ಹಾಕಿಕೊಂಡಿರುತ್ತಾಳೆ.

“ಅವ್ವೀ, ಆರಾಮದೀರೇನು? ಊಟ ಆತ್ರಿ?”

ಇಂದುಮತಿ. ಫೋನ್ ಕಿತ್ತುಕೊಳ್ಳಲು ಕೈ ಚಾಚಿದೆ. ಅವ್ವಿ ಬೇಡವೆಂದು ತಲೆಯಾಡಿಸಿದಳು.

“ಆಯ್ತು. ಹೇಳು.”

“ಅವ್ವೀ, ನನ್ನ ಮ್ಯಾಲೆ ಸಿಟ್ಟದೀರಿ, ಗೊತ್ತೈತಿ. ಹಗಲು ರಾತ್ರಿ ನಿಮ್ಮನ್ನs ನೆನಸ್ತೀನಿ. ಒಂದು ಮಾತು ಕೇಳಬೇಕಿತ್ತು.” ದನಿಯಲ್ಲಿ ಅದೇ ಬೆಣ್ಣೆ. “ಇಲ್ಲಿ ತೊಟ್ಟಿಯಾಗ ಹಾಕಿದ ಹುಲ್ಲು ಮೊದಲನೇ ವರ್ಷ ಚೊಲೋ ಇತ್ತು. ಅದರ ಬೀಜ ಹಾಕಿದರ ಈ ವರ್ಷ ಅರ್ಧಕ್ಕರ್ಧ ಉಪ್ಪs ಹೀರವಲ್ದು. ಹೈಬ್ರಿಡ್ ಹತ್ತಿ ಬೀಜ ಮನ್ಯಾಗಿಟ್ಟು ಮರು ವರ್ಷ ಬಿತ್ತಿದರ ಹ್ಯಾಂಗ ಬೆಳಿ ಬರೂದಿಲ್ಲ, ಹಂಗs. ಅಂದರ ಅದು ಎರಡು ಜಾತಿ ಕೂಡಿ ಹುಟ್ಟಿದ್ದು. ತಾಯಿ ನಿಮ್ಮ ಅಘನಾಶಿನಿದು, ಅದು ಯಂತ್ರದಾಗ ಗೊತ್ತಾಗೈತಿ. ತಂದಿ ಬ್ಯಾರೆ ಹೊಳಿಯದು ಇರಬೇಕು, ನನ್ನ ಯಂತ್ರಕ್ಕ ತಂದಿ ಕಾಣೂದಿಲ್ಲ. ಕಾರವಾರದಿಂದ ಹಿಡದು ಒಂದೊಂದು ಹೊಳಿ ಹುಲ್ಲು ತಂದು ಕೂಡಿಸಿ ನೋಡಾಕ ಒಂದೊಂದು ಹಂಗಾಮ ಬೇಕು. ಅಲ್ಲೀತನಕ ಕಂಪನಿಯವರು ನನ್ನ ಇಟಗೊಳ್ಳೂದಿಲ್ಲ. ನೀವು ಯಾವ ವರ್ಷರೇ ಬ್ಯಾರೆ ಹೊಳಿ ಬಳಚು ತಂದಿದ್ರೇನು? ನೆನಪು ಮಾಡಿಕೊಂಡು ಹೇಳ್ರಿ ಅವ್ವೀ. ಊರೂರಿಗೆ ನೀರಿನ ಪ್ರಶ್ನೆ.”

ನನಗೆ ಎಲ್ಲ ಅರ್ಥವಾಯಿತು. ಹೊಂಡದಲ್ಲಿ ತಾಯಿ ಹುಲ್ಲೂ ತಂದೆ ಹುಲ್ಲೂ ಒಟ್ಟಿಗೆ ಬೆಳೆದು, ವರ್ಷ ವರ್ಷವೂ ಹೊಸದಾಗಿ ಕೂಡಿ ಚೀಲದ ಹುಲ್ಲನ್ನು ಹುಟ್ಟಿಸುತ್ತಿದ್ದವು. ಅವರು ಕಳೆಯೆಂದು ಕಿತ್ತೆಸೆದದ್ದೇ ಅಪ್ಪ ಅಮ್ಮನನ್ನು. ಆದರೆ ಅವ್ವಿ ಬೇರೆ ಹೊಳೆಯದ್ದು ತಂದೇ ಇರಲಿಲ್ಲವಲ್ಲ? ನನ್ನಾಣೆ ಹಾಕಿ ಹೇಳುತ್ತಿದ್ದಳಲ್ಲ?

ಅವ್ವಿ ಒಂದು ಅವರೆಕಾಯಿಯನ್ನು ಸಾವಕಾಶವಾಗಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು.

“ಇಲ್ಲ ಮಗಾ,” ಎಂದಳು. “ಎಲ್ಲ ನಮ್ಮ ಹೊಳೆಯದೇಯಾ. ನಿನ್ನಾಣೆ.”

“ಖರೇನs, ಅವ್ವೀ?”

“ನಿಂಗೆ ಸುಳ್ಳು ಹೇಳ್ತನೇ ನಾನು? ಸರಿ, ಇಡ್ತೆ. ಒಲೆ ಮೇಲೆ ಅನ್ನ ಉಂಟು.”

ಒಲೆಯ ಮೇಲೆ ಏನೂ ಇರಲಿಲ್ಲ. ಅವ್ವಿ ಫೋನನ್ನು ಬೋರಲು ಹಾಕಿದಳು. ಅದರ ಮೇಲೊಂದು ಬಟ್ಟಲನ್ನೂ ಕವುಚಿದಳು, ಒಳಗಿನವರಿಗೆ ಕೇಳಿಸಬಾರದು ಎನ್ನುವಂತೆ. ಆಮೇಲೆ ನನ್ನ ಹತ್ತಿರ ಸರಿದು ಕೂತು ಪಿಸುದನಿಯಲ್ಲಿ ಹೇಳಿದಳು.

“ಎರಡು ವರ್ಷ ನಮ್ಮ ಹೊಳೆಯ ಬಳಚೆಲ್ಲ ಬಿಸಿಲಿಗೆ ಸತ್ತು ಹೋಗಿತ್ತು ಮಗಾ. ನೀನು ಆಸೆ ಪಡ್ತೆ ಅಂತ ಬೇರೆ ಹೊಳೆಗೆ ಹೋಗಿ ಅಲ್ಲಿನ ಹೆಂಗಸರ ಹತ್ರ ತಕಂಡು ಬಂದೆ, ಅಲ್ಲಿನ ಹುಲ್ಲೇ ಹಾಸ್ಕಂಡು. ಹೇಳಿದ್ರೆ ನೀನು ತಿಂತಿರ್ಲಿಲ್ಲ.”

“ನಾನು ಒಂದು ತುತ್ತಿಗೆ ಗೊತ್ತಾಗುತ್ತೆ ಎಂದು...”

“ಆ ಎರಡು ವರ್ಷವೂ ನೀನು ಬೆರಳು ನೆಕ್ಕಿ, ನಮ್ಮ ಹೊಳೆ ರುಚಿ ಬೇರೆ ಎಲ್ಲುಂಟು ಅಂದಿದ್ದೆ.” ಅವಳ ಮುಖದಲ್ಲಿ ಅಷ್ಟು ದಿನಗಳ ನಂತರ ಒಂದು ಸಣ್ಣ ನಗು ಬಂದು ಹೋಯಿತು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಂಡ ಮತ್ತೆ ಬದುಕಬಹುದು! ಕಂಪನಿಯ ಹಕ್ಕು ಚೀಲದ ಹುಲ್ಲಿನ ಮೇಲೆ. ಬಳಚಿನ ಬುಟ್ಟಿಗೆ ಹಾಸುವ ಕರಾವಳಿಯ ಕಳೆಯ ಮೇಲೆ ಯಾರ ಹಕ್ಕೂ ಇಲ್ಲ. ಎರಡು ಬುಟ್ಟಿ ಬಂದರೆ ಸಾಕು, ಉಳಿದದ್ದನ್ನು ಹೊಂಡವೇ ಮಾಡಿಕೊಳ್ಳುತ್ತದೆ. ಅದು ಹುಟ್ಟಿಸಿದ್ದನ್ನು ಕಂಪನಿ ಮತ್ತೆ ತನ್ನದೆನ್ನಬಹುದು. ಎನ್ನಲಿ, ಆಗ ನೋಡಿಕೊಳ್ಳೋಣ. ದುರಗಮ್ಮನ ಮೊಮ್ಮಗಳು ಅಲ್ಲಿಯವರೆಗಾದರೂ ಹಿತ್ತಿಲ ನೀರು ಕುಡಿಯಲಿ. ನನ್ನ ತಲೆ ಆಗಲೇ ಹೊಳೆಯ ಉಪ್ಪು, ಹೊಂಡದ ಆಳ ಎಂದು ಲೆಕ್ಕ ಹಾಕತೊಡಗಿತ್ತು.

“ಯಾವ ಹೊಳೆ ಅವ್ವಿ ಅದು?”

ಅವ್ವಿ ಬಟ್ಟಲಿನ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಅವಳು ನನ್ನನ್ನು ಹಾಗೆ ಎಂದೂ ನೋಡಿರಲಿಲ್ಲ.

“ಮುಂದಿನ ವರ್ಷ ಎರಡು ಬುಟ್ಟಿ ತತ್ತೆ,” ಎಂದಳು. “ಹೊಂಡಕ್ಕೆ ನಾನೇ ಬಿಡ್ತೆ.”

“ಹೊಳೆಯ ಹೆಸರು ಹೇಳು ಅವ್ವಿ. ನಾನಲ್ಲವಾ ಕೇಳುತ್ತಿರುವುದು?”

“ಅದು ಬೇಡ ಮಗಾ.”

“ನನಗೂ ಹೇಳುವುದಿಲ್ಲವಾ?”

“ಅವಳೂ ನನ್ನ ಮಗಳ ಹಾಗೇ ಕೂತು ಉಂಡಿದ್ಲು,” ಎಂದಳು ಅವ್ವಿ. ಬೈಯುವ ದನಿಯಲ್ಲ, ಸಿಟ್ಟೂ ಇರಲಿಲ್ಲ. ನನ್ನ ಮುಂಗೈ ಒಮ್ಮೆ ಒತ್ತಿ, ಮೊರ ಎತ್ತಿಕೊಂಡು ಒಲೆಯ ಕಡೆ ಹೋದಳು. ನಾನು ಸಿಪ್ಪೆಯ ರಾಶಿಯ ಮುಂದೆ ಕೂತು ಅತ್ತೆ.